ರಾಜ್ಯಪಾಲರು ಹಾಕದ ಸಹಿ

ನವೆಂಬರ್ 11, ಮಂಗಳವಾರ, ಸಂಜೆ

ಶಾಲೆಯ ಅಡುಗೆಮನೆಯಲ್ಲಿ ಇವತ್ತು ಮೀನು. ನಾನೂರು ತಟ್ಟೆ. ಕೈ ಇನ್ನೂ ವಾಸನೆ. ಬಸ್ಸಿನಲ್ಲೇ ನವೇನಾ ಪ್ರಾರ್ಥನೆಯ ಒಂಬತ್ತನೆಯ, ಕೊನೆಯ ದಿನ ಮುಗಿಸಿದೆ. ಸ್ವೀಡನ್ನಿನ ಈ ಲಿಂಕೋಪಿಂಗ್ ಸ್ಟೇಷನ್ನಿನಲ್ಲಿ ಇಳಿದು ಫೋನ್ ನೋಡಿದರೆ — ಮಸೂದೆ ಪಾಸ್! ವಿಧಾನಸಭೆಯೂ ಆಯಿತು, ಪರಿಷತ್ತೂ ಆಯಿತು. ಹೆಚ್ಚು ಬೆಲೆಯ ಜಾಗದ ತಕರಾರನ್ನೂ ಇನ್ನು ತಾಲೂಕಿನ ಸಣ್ಣ ಕೋರ್ಟೇ ನಡೆಸಬಹುದು. ಲಿಲ್ಲಿಯನ್ ಅಕ್ಕನ ಮನೆ ಕೇಸು ಅವಳ ಊರ ಹತ್ತಿರಕ್ಕೇ ಬರುತ್ತದೆ. ಸೊಂಟ ಮುರಿದವಳು ದೊಡ್ಡ ಕೋರ್ಟಿಗೆ ಎರಡು ಗಂಟೆ ಬಸ್ಸಿನಲ್ಲಿ ಹೇಗೆ ಹೋಗುವುದು? ಹೋಗಿ ಎದುರು ವಕೀಲರ ಪಾಟೀಸವಾಲಿಗೆ ಉತ್ತರ ಕೊಡದಿದ್ದರೆ ಅವಳ ಸಾಕ್ಷಿ ಲೆಕ್ಕಕ್ಕಿಲ್ಲ. ಮನೆ ಅವಳ ಮೈದುನ ಡ್ಯಾನಿಯಲ್ಲನ ಪಾಲು.

ಅಕ್ಕನ ವಕೀಲ ರಮಾನಂದರು "ರಾಜ್ಯಪಾಲರ ಸಹಿ ಬಾಕಿ ಉಂಟು" ಎಂದರು. ಸಹಿ ತಾನೆ! ಮದುವೆ ಮುಗಿದ ಮೇಲೆ ಪಾದ್ರಿಗಳು ರಿಜಿಸ್ಟರಿಗೆ ಹಾಕುವ ಹಾಗೆ.

ಒಂಬತ್ತನೆಯ ದಿನವೇ... ದೇವರ ಉತ್ತರ ಇನ್ನು ಹೇಗಿರುತ್ತದೆ?

ನವೆಂಬರ್ 12

ಡ್ಯಾನಿಯಲ್ ರಾಜಿ ಪತ್ರ ಕಳಿಸಿದ್ದಾನೆ. ಸಾಯುವ ತನಕ ಒಂದು ಕೋಣೆ, ಅಡುಗೆಮನೆ, ಇಗರ್ಜಿಗೆ ಹೋಗುವ ದಾರಿ. ಅಕ್ಕ ಪೆನ್ನು ಹಿಡಿದೇ ವಿಡಿಯೋ ಕಾಲ್ ಮಾಡಿದಳು.

"ಹಾಕಿ ಬಿಡ್ಲಾ? ನನಗೆ ಸಾಕಾಯ್ತು ಮಾರಾಯ್ತಿ."

"ಹಾಕ್ಬೇಡ. ದೇವರು ಇಡೀ ಮನೆ ಕೊಡುವಾಗ ಒಂದು ಕೋಣೆಗೆ ಎಂತಕ್ಕೆ ಕೈಯೊಡ್ಡುದು?"

ನನ್ನ ಕಣ್ಣೆದುರೇ ಪತ್ರ ಹರಿದಳು. ಇಬ್ಬರೂ ನಕ್ಕೆವು.

ನಮ್ಮವರು ಗ್ರೆಗರಿ ಟೀವಿಯಿಂದ ಕಣ್ಣು ತೆಗೆಯದೆ, "ಸೈನ್ ಆಗೋ ತನಕ ವೇಟ್ ಮಾಡ್ಬಹುದಿತ್ತು" ಎಂದರು.

"ನಿಮಗೆ ವಿಶ್ವಾಸ ಕಮ್ಮಿ" ಎಂದೆ.

ಡಿಸೆಂಬರ್ 4, ಗುರುವಾರ

ಸಹಿ ಹಾಕಲಿಲ್ಲ.

ನಾಲ್ಕು ಸಲ ಓದಿದೆ. ರಾಜ್ಯಪಾಲರು ಒಪ್ಪಿಗೆ ಕೊಡಲಿಲ್ಲ. ಸಣ್ಣ ಕೋರ್ಟುಗಳಲ್ಲಿ ನ್ಯಾಯಾಧೀಶರೇ ಸಾಲದು, ಇರುವ ಕೇಸುಗಳೇ ಮುಗಿದಿಲ್ಲ, ಇನ್ನಷ್ಟು ಹೇರುವುದು ಯಾಕೆ — ಇದು ಕಾರಣ. ಎರಡು ಸದನ ಹೂಂ ಎಂದದ್ದನ್ನು ಒಬ್ಬರು ಬೇಡ ಎನ್ನಬಹುದಾ? ಹಾಗೂ ಉಂಟಾ? ನಮ್ಮ ಏಳನೇ ಕ್ಲಾಸಿನ ಪುಸ್ತಕದಲ್ಲಿ ರಾಜ್ಯಪಾಲರು ಎಂದರೆ ಪ್ರಮಾಣವಚನ ಬೋಧಿಸುವವರು. ಅಷ್ಟೇ ಇತ್ತು.

ಒಲೆಯ ಮೇಲೆ ಆಲೂಗಡ್ಡೆ ಸೀದು ಹೋಯಿತು. ವಾಸನೆಯೂ ಗೊತ್ತಾಗಲಿಲ್ಲ.

ಡಿಸೆಂಬರ್ 5

ಫಿಕಾ ಎನ್ನುವ ಇಲ್ಲಿಯ ಕಾಫಿ ಬಿಡುವಿನ ಹೊತ್ತಿಗೆ ಜೊತೆಯಲ್ಲಿ ಕೆಲಸ ಮಾಡುವ ಗುನಿಲ್ಲಾ, "ಮುಖ ಯಾಕೆ ಹೀಗಿದೆ?" ಎಂದಳು. ನನ್ನ ಮುರುಕು ಸ್ವೀಡಿಷಿನಲ್ಲಿ ಹೇಳಿದೆ.

"ಒಬ್ಬರು ಬೇಡ ಅಂದ್ರೆ ಆಯ್ತಾ? ನಮ್ಮಲ್ಲಿ ರಾಜನಿಗೇ ಆ ಅಧಿಕಾರ ಇಲ್ವಲ್ಲೇ! ರಿಬ್ಬನ್ ಕತ್ತರಿಸ್ಬೇಕು, ಕಾಫಿ ಕುಡೀಬೇಕು, ಮನೆಗೆ ಹೋಗ್ಬೇಕು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಕ್ಕನಿಗೆ ಇನ್ನೂ ಹೇಳಿಲ್ಲ. ಪೇಪರ್ ಓದುವವಳಲ್ಲ.

ಡಿಸೆಂಬರ್ 7, ಆದಿತ್ಯವಾರ

ಬಲಿಪೂಜೆ ಮುಗಿಸಿ ಡ್ಯಾನಿಯಲ್ಲನಿಗೆ ಫೋನ್. ಬೇಡಿದೆ. ಆ ಪತ್ರ ಇನ್ನೊಮ್ಮೆ ಕಳಿಸು ಎಂದೆ.

"ಹರಿದದ್ದು ಯಾರು, ನಾನಾ? ದೇವರು ಇಡೀ ಮನೆ ಕೊಡ್ತಾನಂತಲ್ಲ, ಊರಿಗೆಲ್ಲ ಗೊತ್ತುಂಟು. ಅವನ ಹತ್ರವೇ ಕೇಳಿ ಬಾಯಮ್ಮಾ."

ಇಟ್ಟುಬಿಟ್ಟ.

ಡಿಸೆಂಬರ್ 8

ಹೇಳಿದೆ. ಅಕ್ಕನಿಗೆ ಎಲ್ಲ, ಡ್ಯಾನಿಯಲ್ಲನ ಮಾತೂ ಸೇರಿ.

"ದೇವರು ಕೊಡ್ತಾನೆ ಅಂತ ಹೇಳಿದ್ದಲ್ವಾ ನೀನು?"

"ನಾನು ಹೇಳಿದ್ದು. ಅವನು ಹೇಳ್ಲಿಲ್ಲ."

"ಮತ್ತೆ ಅವನ ಹೆಸರು ಎಂತಕ್ಕೆ ಹಾಕಿದ್ದು?"

ದೇವರ ಬದಲು ನಾನೇ ಸಹಿ ಹಾಕಿದ್ದೆ.

ಡಿಸೆಂಬರ್ 16, ಮಂಗಳವಾರ, ಬೆಳಿಗ್ಗೆ 6

ಅಲ್ಲಿ ಹತ್ತೂವರೆ. ದೊಡ್ಡ ಕೋರ್ಟಿನ ವಾಯಿದೆ ಇವತ್ತೇ. ಅಕ್ಕನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತಂದಿದ್ದಾರೆ. ಕೋರ್ಟು ಮಹಡಿಯಲ್ಲಿ; ಮೂರು ಸಲ ಹೆಸರು ಕೂಗುವುದರೊಳಗೆ ಹಾಜರಾಗದಿದ್ದರೆ ಮುಗಿಯಿತು. ಅಕ್ಕನ ಕೈಚೀಲದಲ್ಲಿ ಫೋನ್ ಆನ್ ಇದೆ, ಎಲ್ಲ ಕೇಳುತ್ತದೆ. ನನ್ನ ಮಗಳು ಲಿಯೋನಾ ಎದ್ದು ಬಂದು ಇಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದಾಳೆ.

"ಅಕ್ಕಾ, ದೇವರು—" ಎಂದೆ.

"ಸುಮ್ಮನಿರು ಮಾರಾಯ್ತಿ. ಈ ಸಲ ಏನೂ ಹೇಳ್ಬೇಡ. ಹತ್ತುದು ನಾನು."

ಮೆಟ್ಟಿಲ ಮೇಲೆ ಕೋಲಿನ ಸದ್ದು. ಒಂದು. ಎರಡು. ಮೂರು.

ಜಪಸರ ಮೇಜಿನ ಮೇಲಿದೆ. ಬಾಯಿಗೆ ಪ್ರಾರ್ಥನೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು. ಮೇಲಿನಿಂದ ಯಾರೋ ಅಕ್ಕನ ಹೆಸರು ಕೂಗಿದರು. ಐದು. ಇನ್ನೊಮ್ಮೆ ಕೂಗಿದರು. "ಬರ್ತಿದ್ದಾರೆ, ಬರ್ತಿದ್ದಾರೆ" ಎಂದು ರಮಾನಂದರು ಓಡಿದ ಸದ್ದು.

ಕೋಲು ನಿಂತಿದೆ.

ಉಸಿರು... ಹೌದು, ಕೇಳುತ್ತಿದೆ. "ಮಮ್ಮಾ, ಮೂರನೇ ಸಲ ಕೂಗ್ತಿದ್ದಾರೆ" ಎನ್ನುತ್ತಾಳೆ ಲಿಯೋನಾ. ಆರು —