ನೂರಕ್ಕೆ ಎಂಬತ್ತು

ರಿಪ್ಪನ್‌ಪೇಟೆ
೧೨-೧೧-೧೯೬೫, ಶುಕ್ರವಾರ

ಸಾಗರ ಪಟ್ಟಣದಲ್ಲಿ ಭಾವನವರ ಅಡುಗೆಮನೆಯನ್ನು ಧರ್ಮದಿಂದ ಆಳುತ್ತಿರುವ ಅಖಂಡ ಸೌಭಾಗ್ಯವತಿ ಮಹಾಲಕ್ಷ್ಮಕ್ಕನಿಗೆ, ಮೀಸೆ ಇನ್ನೂ ಸರಿಯಾಗಿ ಮೂಡದ ತಮ್ಮ ಶ್ಯಾಮನು ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ಅಮ್ಮನ ಮಂಡಿನೋವು ಸ್ವಸ್ಥಾನದಲ್ಲಿದೆ. ಕರಿ ಹಸು ಹೆಣ್ಣುಕರು ಹಾಕಿತು. ಅದಕ್ಕೆ ನಿನ್ನ ಹೆಸರಿಡೋಣವೆಂದೆ, ಅಮ್ಮ ಸೌಟು ತೋರಿಸಿದಳು. ದೀಪಾವಳಿಗೆ ಬೇಕೆಂದು ನೀನು ಕಳಿಸಿದ್ದ ರವಿಕೆ ಬಟ್ಟೆ ಹಬ್ಬ ಮುಗಿದು ಇಷ್ಟು ದಿನವಾದ ಮೇಲೆ ರವಿಕೆಯಾಗಿ ನಿನ್ನ ಕಡೆ ಹೊರಟಿದೆ. ತಡವಾದುದಕ್ಕೆ ಬೈಯುವುದಾದರೆ ನನ್ನನ್ನು ಬೈ. ಹೊಲಿದವರು ಬೇಗನೆ ಹೊಲಿದಿದ್ದರು. ಜತೆಗೆ ಇಡಬೇಕಾದ ಈ ಕಾಗದವನ್ನು ಬರೆಯಲು ನನಗೆ ಕೈ ಬರಲಿಲ್ಲ.

ನೀನು ಹೋದ ತಿಂಗಳ ಕಾಗದದಲ್ಲಿ ಮೂರು ಪ್ರಶ್ನೆ ಹಾಕಿದ್ದೆ. ರವಿಕೆ ಎಲ್ಲಿ? ಭಾವ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದ ಪೇಪರಿನ ಸುದ್ದಿ ನಮ್ಮ ಹಯಾತ್ ಸಾಬರದೇನಾ? ಅಪ್ಪಯ್ಯ ಸಾಬರ ಪರವಾಗಿ ಏನಾದರೂ ಮಾತಾಡಿದರಾ? ಮೊದಲನೆಯದಕ್ಕೆ ಉತ್ತರ ಈ ಪೊಟ್ಟಣದಲ್ಲೇ ಇದೆ. ಎರಡನೆಯದನ್ನು ವಿಸ್ತಾರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಮೂರನೆಯದನ್ನು ಸದ್ಯಕ್ಕೆ ಬಿಡು.

ಸಾಬರ ಹೊಲಿಗೆ ಅಂಗಡಿಯ ರೇಡಿಯೋ ನಿನಗೆ ಗೊತ್ತಲ್ಲ. ಇಡೀ ಬೀದಿಗೆ ಅದೊಂದೇ. ಸಾಬರು ಮಿಶಿನ್ ತುಳಿಯುತ್ತ ಕೂತರೆ ಹೊರಗಿನ ಬೆಂಚಿನಲ್ಲಿ ಊರು ಕೂರುತ್ತಿತ್ತು. ಏರಿಯಲ್ ತಂತಿ ನಮ್ಮ ದಿನಸಿ ಅಂಗಡಿಯ ಸೂರಿಗೆ ಕಟ್ಟಿದ ಬಿದಿರಿನ ಗಳದಿಂದ ರಸ್ತೆ ದಾಟಿ ಅವರ ಅಂಗಡಿಗೆ ಹೋಗುತ್ತಿತ್ತು. ಬುಧವಾರ ಸಂಜೆ ಎಂಟಕ್ಕೆ ಸಿಲೋನಿನಿಂದ ಸಿನಿಮಾ ಹಾಡು. ಮುಳ್ಳನ್ನು ಸಿಲೋನಿಗೆ ತಂದು ನಿಲ್ಲಿಸುವ ವಿದ್ಯೆ ಈ ಭೂಮಂಡಲದಲ್ಲಿ ಒಬ್ಬರಿಗೇ ಸಿದ್ಧಿಸಿತ್ತು, ನಮ್ಮ ತೀರ್ಥರೂಪರಿಗೆ. ಸಾಬರಿಗೆ ಆ ಹಾಡುಗಳ ಹುಚ್ಚೇ ಇರಲಿಲ್ಲ. "ಭೂತಪ್ಪನೋರೆ, ಒಂದಿನ ಧಾರವಾಡ ಹಾಕ್ರಿ, ಮಳೆ ಸಮಾಚಾರನಾದ್ರೂ ಕೇಳಾನ" ಎನ್ನುತ್ತಿದ್ದರು. ಅಪ್ಪಯ್ಯ, "ಮಳೆ ಹೊರಗೆ ಬರ್ತಾ ಅದಲ್ಲ ಸಾಬ್ರೆ, ಕಂಡ್ಕಳಿ" ಎಂದು ಮುಳ್ಳು ತಿರುಗಿಸುತ್ತಿದ್ದರು.

ಯುದ್ಧ ನಿಂತ ಹೊಸದರಲ್ಲಿ ತೀರ್ಥಹಳ್ಳಿಯ 'ನಾಡದುಂದುಭಿ' ವಾರಪತ್ರಿಕೆಯವರು ಸಮೀಕ್ಷೆಗೆಂದು ಒಬ್ಬ ತರುಣನನ್ನು ಸೈಕಲ್ ಮೇಲೆ ಕಳಿಸಿದರು. ಅವನು ಬೀದಿಯಲ್ಲಿ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದ: ನೀವು ಯಾವ ರೇಡಿಯೋ ಸ್ಟೇಷನ್ ಕೇಳುತ್ತೀರಿ? ಅಕ್ಕಾ, ಇರುವುದು ಒಂದು ರೇಡಿಯೋ. ಅದರಲ್ಲಿ ಬರುವುದು ಸಿಲೋನು. ಕೇಳುವ ಕಿವಿ ಯಾವ ಜಾತಿಯದಾದರೂ ಉತ್ತರ ಬೇರೆ ಆಗಲು ಹೇಗೆ ಸಾಧ್ಯ? ಸಾಬರು ತಲೆ ಎತ್ತದೆ, "ನಾನು ಕೇಳೋದು ಮಿಶಿನ್ ಸದ್ದು. ಅದ್ರಾಗೆ ಬರೋದು ಸಿಲೋನ್. ಬರ್ಕಳಿ" ಎಂದರು. ಅಪ್ಪಯ್ಯ ಎದೆ ಉಬ್ಬಿಸಿ, "ಸಿಲೋನ್. ಮುಳ್ಳು ತಿರುಗ್ಸೋದೇ ನಾನು, ಅದನ್ನೂ ಬರ್ಕೊಳಿ" ಎಂದರು.

ತರುಣ ನಮ್ಮ ಅಂಗಡಿಯಲ್ಲೇ ಮಜ್ಜಿಗೆ ಕುಡಿದು ಕೂಡಿಸಿ ಕಳೆದು ಮಾಡಿದ. ಹತ್ತು ಮಂದಿ ಮುಸ್ಲಿಮರನ್ನು ಕೇಳಿದ್ದ, ಅದರಲ್ಲಿ ಎಂಟು ಮಂದಿ ಸಿಲೋನು. ನಮ್ಮವರು ನಲವತ್ತು, ಅದರಲ್ಲಿ ಮೂವತ್ತಾರು ಮಂದಿ ಸಿಲೋನು. ಉಳಿದ ಆರು ಮಂದಿ ರೇಡಿಯೋದ ಗೊಡವೆಗೇ ಹೋಗದವರು. ಅಂದರೆ ಅವರು ನೂರಕ್ಕೆ ಎಂಬತ್ತು, ನಾವು ನೂರಕ್ಕೆ ತೊಂಬತ್ತು. ಬಾಯಿಲೆಕ್ಕದಲ್ಲಿ ನಾನೇ ಹೇಳಿಕೊಟ್ಟೆ. ಸೈಕಲ್ ಹತ್ತುವಾಗ ಅವನು, "ನೀವು ಗೆದ್ರಿ ಕಣ್ರೀ" ಎಂದು ನಕ್ಕ.

ಆ ವಾರದ ಪೇಪರಿನ ಮುಖಪುಟವನ್ನು ನೀನೂ ನೋಡಿದ್ದೀಯ. 'ರಿಪ್ಪನ್‌ಪೇಟೆಯ ಮುಸ್ಲಿಮರಲ್ಲಿ ನೂರಕ್ಕೆ ಎಂಬತ್ತು ಮಂದಿಯ ಕಿವಿ ವಿದೇಶಿ ರೇಡಿಯೋದತ್ತ.' ಸುದ್ದಿಯನ್ನು ಮೇಲಿನಿಂದ ಕೆಳಗೆ ಭೂತಗನ್ನಡಿ ಹಿಡಿದು ಓದು. ಸಿಲೋನು ಎಂಬ ಹೆಸರಿಲ್ಲ. ಹಾಡು ಎಂಬ ಮಾತಿಲ್ಲ. ಕೇಳಿದ್ದು ಹತ್ತೇ ಜನರನ್ನು ಎಂದಿಲ್ಲ. ನಮ್ಮ ತೊಂಬತ್ತು ಮಜ್ಜಿಗೆಯಲ್ಲಿ ಕರಗಿಹೋಗಿದೆ. ಈ ವರ್ಷ ವಿದೇಶ ಎಂದರೆ ಜನರ ತಲೆಗೆ ಬರುವುದು ಒಂದೇ ದೇಶ. ಅದನ್ನು ಅಚ್ಚು ಹಾಕುವ ಶ್ರಮವನ್ನೂ ಅವರು ಓದುವವರಿಗೇ ಬಿಟ್ಟಿದ್ದರು.

ಸಾಬರ ಗೋಡೆಯ ಗೂಟಗಳಲ್ಲಿ ಮನೆಮನೆಯ ಅಳತೆ ರವಿಕೆ ತೂಗುತ್ತಿದ್ದವಲ್ಲ, ಬೀದಿಯ ಹೆಂಗಸರನ್ನೆಲ್ಲ ಒಂದೇ ಕಡೆ ನೇತುಹಾಕಿದ ಹಾಗಿದೆ ಎಂದು ನಾನು ತಮಾಷೆ ಮಾಡಿ ನಿನ್ನಿಂದ ಏಟು ತಿಂದಿದ್ದೆ. ಅವು ಒಂದೊಂದೇ ಇಳಿದವು. ಯಾರೂ ಜಗಳ ಆಡಲಿಲ್ಲ. ಶೇಷಮ್ಮ ಬಂದು, "ಅಳತೆದು ಒಂಚೂರು ಬೇಕಿತ್ತು ಸಾಬ್ರೆ, ಮಗಳಿಗೆ ತೋರ್ಸಕ್ಕೆ" ಎಂದರು. ಹುಲಿಗೆಮ್ಮ, "ನಂದು ಹಳೇದಾತು, ಬ್ಯಾರೆ ತರ್ತೀನಿ" ಎಂದಳು. ಸಾಬರು ಎಲ್ಲರಿಗೂ ಮಡಿಸಿ, ಕಾಗದ ಸುತ್ತಿ ಕೊಟ್ಟರು. ಸುತ್ತಿದ ಕಾಗದ ಅದೇ ಪತ್ರಿಕೆ. ಅದು ಅವರ ಬೇಸರವೋ ತಮಾಷೆಯೋ ಈಗಲೂ ನನಗೆ ತಿಳಿಯದು. ಕೊನೆಗೆ ಗೂಟದಲ್ಲಿ ಉಳಿದದ್ದು ನಿನ್ನದೊಂದೇ.

ಅಷ್ಟರಲ್ಲಿ ಪೇದೆಯೂ ಪೇಪರು ಮಡಚಿ ಹಿಡಿದು ಬಂದ. ಕೆಟ್ಟವನೇನಲ್ಲ, ಮೇಲಿನವರು ಕೇಳಿಕೊಂಡು ಬಾ ಎಂದಿದ್ದರು.

"ಇಲ್ಲಿ ಹೊರದೇಶದ ಸ್ಟೇಷನ್ ಯಾರು ಹಾಕೋದು?"

ಸಾಬರು, "ಅಂಗಡಿ ನಂದು, ರೇಡಿಯೋ ನಂದು, ಲೈಸೆನ್ಸೂ ಐತೆ. ಬರೋದು ಸಿಲೋನ್ ಹಾಡು" ಎಂದರು. ಯಾರ ಹೆಸರನ್ನೂ ಎತ್ತಲಿಲ್ಲ.

ನಾನು ಮುಂದೆ ಹೋಗಿ, "ನಾನೂ ಕೇಳ್ತೀನಿ. ಬೀದಿಯೋರೆಲ್ಲ ಕೇಳ್ತೀವಿ" ಎಂದೆ.

ಪೇದೆ ನನ್ನ ಮುಖ ನೋಡಿ, "ಹೋದ ವರ್ಷ ನನ್ನ ಸೈಕಲ್ಲಿಗೆ ಡಬ್ಬ ಕಟ್ಟಿದೋನು ನೀನೇ ಅಲ್ವನಾ? ಹೋಗು ಹೋಗು" ಎಂದ. ಜನ ನಕ್ಕರು. ಅಕ್ಕಾ, ನಾನು ಜನ್ಮದಲ್ಲಿ ಮೊದಲ ಸಲ ಗಂಭೀರವಾಗಿ ಆಡಿದ ಮಾತು ಅದು.

ಪೇದೆ ಹೋದ ಮೇಲೆ ಸಾಬರು ಕತ್ತರಿ ಒರೆಸುತ್ತ ಹೇಳಿದರು: "ಭದ್ರಾವತಿಯಾಗೆ ತಮ್ಮ ಅದಾನೆ, ಬಾ ಅಂತಾನೆ. ಪೇಪರ್ನೋರು ಹೊರಗಿನೋರು ಮಗಾ, ಅವರ ಮ್ಯಾಲೆ ನಂಗೆ ಸಿಟ್ಟಿಲ್ಲ. ಬೀದಿಯಾಗೆ ದೊಡ್ಡೋರು ಒಬ್ರು, ಒಬ್ರೇ ಒಬ್ರು, 'ನಾವೂ ಕೇಳ್ತಿದ್ವಿ' ಅಂದ್ರೆ ಸಾಕು. ನಾ ಎಲ್ಲಿಗೂ ಹೋಗಾದಿಲ್ಲ."

ಒಬ್ಬರ ಮಾತಿಗೆ ಬದಲು ತೊಂಬತ್ತನ್ನೇ ಪೇಪರಿನಲ್ಲಿ ತರಿಸುತ್ತೇನೆಂದು ನಾನು ಅಪ್ಪಯ್ಯನ ಕೋಟು ಹಾಕಿಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. ಸಂಪಾದಕರು ಮರ್ಯಾದಸ್ಥರು, ಕೂರಿಸಿ ಎಲೆ ಅಡಿಕೆ ಕೊಟ್ಟರು.

"ನಾವು ಸುಳ್ಳು ಬರ್ದಿದೀವಾ ತಮ್ಮಾ? ಎಂಬತ್ತು ಹೌದೋ ಅಲ್ವೋ?"

"ಹೌದು ಸಾರ್. ಆದ್ರೆ ನಮ್ದು ತೊಂಬತ್ತು."

"ಸಿಲೋನು ವಿದೇಶ ಹೌದೋ ಅಲ್ವೋ?"

"ಹೌದು ಸಾರ್. ಆದ್ರೆ ನಮ್ದು ತೊಂಬತ್ತು."

"ಅದೇ ನೋಡು. ಎಲ್ಲರೂ ಹಾಡು ಕೇಳ್ತಾರೆ ಅನ್ನೋದು ಸುದ್ದಿ ಹೇಗಾಗ್ತದೆ? ಅದನ್ನು ಹಾಕಿದ್ರೆ ಯಾರು ಓದ್ತಾರೆ?"

ಎಲೆ ಅಡಿಕೆ ಜೇಬಿಗೆ ಹಾಕಿಕೊಂಡು ಎದ್ದೆ. ನನಗೆ ಉಳಿದದ್ದು ನನ್ನ ಕುಲಕಸುಬು, ತಮಾಷೆ. ಮನೆಗೆ ಬಂದು, 'ಸತ್ಯಾನ್ವೇಷಕ' ಎಂದು ಸಹಿ ಹಾಕಿ, ಒಂದು ಘನವಾದ ಸಮೀಕ್ಷೆ ಬರೆದು ಕಳಿಸಿದೆ. 'ರಿಪ್ಪನ್‌ಪೇಟೆಯ ಹಿಂದೂಗಳಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿ ಬೆಳಗ್ಗೆ ಸಂಜೆ ಅರಬ್ಬೀ ದೇಶದಿಂದ ಬಂದ ಕಪ್ಪು ಪುಡಿಗೆ ದಾಸರಾಗಿದ್ದಾರೆ. ಅದು ಸಿಗದಿದ್ದರೆ ಹೆಂಡತಿಯ ಮೇಲೆ ರೇಗುತ್ತಾರೆ. ಉಳಿದಿಬ್ಬರಿಗೆ ಕಾಫಿ ಬೇಡವೆಂದು ಡಾಕ್ಟರು ಹೇಳಿದ್ದಾರೆ. ದೇಶದ ಭದ್ರತೆಯ ದೃಷ್ಟಿಯಿಂದ ಸರ್ಕಾರ ಗಮನ ಹರಿಸಬೇಕು.' ಕೆಳಗೆ ಸಿಲೋನಿನ ಎಂಬತ್ತು, ತೊಂಬತ್ತು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೆ.

ಅವರು ಅಚ್ಚು ಹಾಕಿದರು, ಅಕ್ಕಾ. ಕೊನೆಯ ಪುಟದಲ್ಲಿ, ಕೂದಲೆಣ್ಣೆಯ ಜಾಹೀರಾತಿನ ಪಕ್ಕ, 'ನಗೆಯ ಮೂಲೆ'ಯಲ್ಲಿ. ಸಿಲೋನಿನ ಸಾಲು ತೆಗೆದಿದ್ದರು. ಊರೆಲ್ಲ ಓದಿ ಬಿದ್ದು ಬಿದ್ದು ನಕ್ಕಿತು. ನಮ್ಮ ಅಂಗಡಿಗೆ ಕಾಫಿಪುಡಿಗೆ ಬಂದವರೆಲ್ಲ, "ಅರಬ್ಬೀ ಪುಡಿ ಕಾಲು ಸೇರು ಕೊಡಿ" ಎಂದರು. ಹೀಗೆ ಒಂದು ದೊಡ್ಡ ಜ್ಞಾನ ನನಗೆ ಪ್ರಾಪ್ತವಾಯಿತು. ಅವರ ಬಗ್ಗೆ ನೂರಕ್ಕೆ ಇಷ್ಟು ಎಂದರೆ ಮುಖಪುಟ. ನಮ್ಮ ಬಗ್ಗೆ ಎಂದರೆ ನಗೆಯ ಮೂಲೆ.

ಸಾಬರು ಓದಿ ನಗಲಿಲ್ಲ. "ಚಲೋ ಬರ್ದೀಯ ಮಗಾ" ಎಂದು ಮಡಚಿ ಜೇಬಿಗೆ ಹಾಕಿಕೊಂಡರು. ಹೋದ ಸೋಮವಾರ ಬೆಳಗಿನ ಬಸ್ಸಿಗೆ ಮಿಶಿನ್ನು, ರೇಡಿಯೋ, ಸಾಬರ ಮನೆಯಾಕೆ ಬೀಬಮ್ಮ, ಎರಡು ಟ್ರಂಕು, ಎಲ್ಲ ಹೋದವು. ಬಸ್ಸಿನ ಮೇಲೆ ಮಿಶಿನ್ ಎತ್ತಿ ಕೊಟ್ಟವನು ನಾನು. ಹೊರಡುವ ಮುಂಚೆ, ಹಬ್ಬಕ್ಕೇ ಹೊಲಿದು ನಾನು ಒಯ್ಯದೆ ಉಳಿದಿದ್ದ ಈ ರವಿಕೆಯನ್ನೂ ನಿನ್ನ ಅಳತೆಯದನ್ನೂ ನನ್ನ ಕೈಗಿಟ್ಟು, "ಬೇಟಿ ಬಸುರಿ ಅಂದ್ಯಲ್ಲ, ಒಳಗೆ ಬಟ್ಟೆ ಬಿಟ್ಟೀನಿ. ಬಿಗಿ ಆದ್ರೆ ಪಕ್ಕದ ಹೊಲಿಗೆ ಬಿಚ್ಚಕ್ಕೆ ಹೇಳು. ಸಾಗರದಾಗೆ ಯಾರಾನ ಬಿಚ್ಚಿ ಕೊಡ್ತಾರೆ" ಎಂದರು. ಯಾರು ಹೊಲಿದದ್ದು ಎಂದು ಭಾವ ಕೇಳಿದರೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಹಾಕಿಕೊಳ್ಳುವುದಂತೂ ಹಾಕಿಕೋ.

ನಿನ್ನ ಹೊಟ್ಟೆಯಲ್ಲಿರುವ ಮಹಾಶಯರಿಗೆ ಸೋದರಮಾವನ ಆಶೀರ್ವಾದ: ದೀರ್ಘಾಯುವಾಗು, ಕೂದಲೆಣ್ಣೆಯ ಜಾಹೀರಾತು ಬೇಕಾದರೆ ಓದು, ಮುಖಪುಟ ಓದುವಾಗ ಕೈಬೆರಳು ಮಡಿಚಿ ಲೆಕ್ಕ ಹಾಕು. ಅಮ್ಮ ನಿನಗೆ ಬಸಳೆ, ಮಿಡಿ ಉಪ್ಪಿನಕಾಯಿ ಕಳಿಸುತ್ತಾಳಂತೆ. ಮೈ ಜೋಪಾನ.

ನಿನ್ನ ಒದೆಗಳಿಗೆ ಸದಾ ಪಾತ್ರನಾದ,
ಶ್ಯಾಮ

ಮರೆತ ಮಾತು: ಮರೆತಿಲ್ಲ, ನಿನಗೇ ಗೊತ್ತು. ಮೂರನೆಯ ಪ್ರಶ್ನೆ.

ಪೇದೆ ಬಂದ ದಿನ ಅಪ್ಪಯ್ಯ ಸಾಬರ ಬೆಂಚಿನ ಮೇಲೇ ಕೂತಿದ್ದರು. ನನ್ನನ್ನು ನಗೆಯಾಡಿ ಕಳಿಸಿದ ಮೇಲೆ ಪೇದೆ ಅವರನ್ನು ಕೇಳಿದ: "ನೀವು ದೊಡ್ಡೋರು, ನೀವು ಹೇಳಿ ಭೂತಪ್ಪನೋರೆ. ನೀವೂ ಕೇಳ್ತಿದ್ರಾ?" ಸಾಬರು ಮಿಶಿನ್ ನಿಲ್ಲಿಸಿದರು. ಅಪ್ಪಯ್ಯ ಎದ್ದು ಟವೆಲ್ ಕೊಡವಿ, "ಅವರ ಅಂಗಡಿ, ಅವರ ರೇಡಿಯೋ. ನಮಗೆಂತ ಗೊತ್ತು" ಎಂದು ರಸ್ತೆ ದಾಟಿ ಬಂದರು. ಬಂದವರೇ ಏಣಿ ಹಾಕಿ ಸೂರಿನ ಬಿದಿರಿನ ಗಳ ಇಳಿಸಿ ತಂತಿ ಸುತ್ತಿಟ್ಟರು. ಅವತ್ತು ಸಂಜೆ ನಾನು ಕೇಳಿದೆ. ಅವರು, "ಪೇಪರ್ನಲ್ಲಿ ಸುಮ್ನೆ ಬರೀತಾರನಾ? ನೂರಕ್ಕೆ ಎಂಬತ್ತು ಅಂದ್ರೆ ಕಮ್ಮಿಯೆಂತದು?" ಎಂದರು. ಹೆದರಿ ಹೇಳಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ ಅಕ್ಕಾ. ಅವರು ನಂಬಿ ಹೇಳಿದರು.

ಮೊನ್ನೆ ಬುಧವಾರ ಎಂಟರ ಹೊತ್ತಿಗೆ ಅಪ್ಪಯ್ಯ ಅಂಗಡಿ ಜಗಲಿಯಲ್ಲಿ ಕೂತು ಎದುರಿನ ಮುಚ್ಚಿದ ಬಾಗಿಲು ನೋಡುತ್ತಿದ್ದರು. ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿ ಗಾಳಿಯಲ್ಲಿ ಏನನ್ನೋ ಮೆಲ್ಲಗೆ ತಿರುಗಿಸುತ್ತಿದ್ದವು. ನಾನು ಹತ್ತಿರ ಹೋಗಿ ಕೈಕಟ್ಟಿ ನಿಂತು ಕೇಳಿದೆ:

"ಯಾವ ಸ್ಟೇಷನ್, ಅಪ್ಪಯ್ಯ?"

ಅವರು ಎದ್ದು ಒಳಗೆ ಹೋದರು.