ಸ್ಕ್ರೂ ತಲೆಯ ಕೆಂಪು ಬೊಟ್ಟು

ಸಯನ್, ಮುಂಬಯಿ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ನಿಮ್ಮ ಸಂತು ಮಾಡುವ ನಮಸ್ಕಾರಗಳು. ತಂದೆಗೆ ಬರೆಯುವಾಗ ‘ತೀರ್ಥರೂಪರಿಗೆ’ ಎಂದು ಶುರು ಮಾಡಬೇಕು ಅಂತ ನಮ್ಮ ಮುನಿಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಕಲಿಸಿದ್ದರು. ಹಾಗೆ ಬರೆದರೆ ಏನೋ ಕೆಟ್ಟ ಸುದ್ದಿ ಬಂತೆಂದು ನೀವು ಗೋಡೆ ಹಿಡಿದು ಕೂರುತ್ತೀರಿ, ಅದಕ್ಕೇ ಬಿಟ್ಟೆ. ಕೈ ಹೇಗಿದೆ? ಧಾರವಾಡದ ಚಳಿಗೆ ಬಲಗೈಯ ಸುಟ್ಟ ಎರಡೂ ಬೆರಳು ಸೆಟೆದುಕೊಳ್ಳುತ್ತವೆ ಎಂದು ನೇತ್ರಕ್ಕ ಹೇಳಿದಳು. ಎಣ್ಣೆ ಹಚ್ಚಿ ತಿಕ್ಕಲು ಬಂದರೆ ಅವ್ವನ ಮೇಲೆ ರೇಗುತ್ತೀರಂತೆ. ರೇಗಬೇಡಿ, ಅವಳ ಮೊಣಕಾಲೂ ನೋಯುತ್ತಿರುತ್ತದೆ. ಕಿವಿಯ ಮಷೀನಿನ ಸೆಲ್ಲು ಸರಿಯಾಗಿ ಬದಲಿಸುತ್ತೀರಾ? ಇಲ್ಲಿನ ಡಾಕ್ಟರು, ವಯಸ್ಸಿಗೆ ತಕ್ಕಷ್ಟೇ ಕಡಿಮೆಯಾಗಿದೆ, ಮಷೀನು ಬೇಕಾಗಿಲ್ಲ ಎಂದಿದ್ದರು. ನೀವೇ ಹಟ ಹಿಡಿದು ಹಾಕಿಸಿಕೊಂಡಿರಿ. ಹಾಕಿಸಿಕೊಂಡ ಮೇಲೂ ನಾನು ಫೋನು ಮಾಡಿದರೆ ‘ನನಗ ಕೇಳಸೂದಿಲ್ಲೋ ತಮ್ಮಾ, ನೇತ್ರಾಗ ಹೇಳು’ ಎಂದು ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಮೂರು ವರ್ಷದಿಂದ ನೀವು ಫೋನಿನಲ್ಲಿ ನನ್ನ ಜೊತೆ ಆಡಿದ್ದು ಅಷ್ಟೇ ಮಾತು. ಅದಕ್ಕೇ ಈ ಕಾಗದ.

ಇಲ್ಲಿ ನಾನು, ಸ್ನೇಹಲ್ ಚೆನ್ನಾಗಿದ್ದೇವೆ. ಅವಳು ಈಗಲೂ ಬೆಳಿಗ್ಗೆ ಲೋಕಲ್ ಹಿಡಿದು ಪಾರ್ಲೆಯ ಕಾಲೇಜಿಗೆ ಹೋಗುತ್ತಾಳೆ, ಸಂಜೆ ಬಂದು ನಿಮ್ಮ ಸೊಸೆ ಎನ್ನಿಸಿಕೊಳ್ಳಲು ಕನ್ನಡ ಕಲಿಯುತ್ತಾಳೆ. ಮೊನ್ನೆ ಅನ್ನಕ್ಕೆ ‘ಅಣ್ಣ’ ಎಂದು ಕರೆದು ನನ್ನನ್ನು ಊಟಕ್ಕೆ ಕೂರಿಸಿದಳು. ನಾನು ನಕ್ಕಿದ್ದಕ್ಕೆ ಅವಳು ತಿರುಗಿ ಕೇಳಿದ ಪ್ರಶ್ನೆಗೆ ಮಾತ್ರ ನಾನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ‘ಕರೆಂಟ್ ಬಂತ ಅಂದ್ರ ಚಾಲೂ, ಕರೆಂಟ್ ಬಂದ್ ಅಂದ್ರ ಬಂದ್. ಕೈಸೇ ಸಮಝತೇ ಹೋ ತುಮ್ ಲೋಗ್?’ ಎಂದಳು, ಎರಡರ ಫರಕು ನಿಮಗೆ ಹೇಗೆ ತಿಳಿಯುತ್ತದೆ ಎಂದು. ಅವಳಿಗೆ ನಮ್ಮ ಮನೆಯ ಕತೆ ಗೊತ್ತಿಲ್ಲವೆಂದಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ. ನೆನಪಾದ ಕೂಡಲೇ ನಾಲಿಗೆ ಕಚ್ಚಿಕೊಂಡು ಎದ್ದು ಹೋದಳು.

ವಿಷಯ ಏನೆಂದರೆ, ಮೋತಿ ಭುವನದ ವೈರಿಂಗ್ ಕೆಲಸ ಮತ್ತೆ ನಮ್ಮ ಪಾಲಿಗೇ ಬಂದಿದೆ. ಮೆಟ್ಟಿಲ ಕೆಳಗಿನ ಆ ಹಳೇ ಮೇನ್ ಪೆಟ್ಟಿಗೆ ಈಗ ಮುಟ್ಟಿದರೆ ಬಿಸಿ ಹತ್ತುತ್ತದಂತೆ. ಗುಂಯ್ ಎನ್ನುವ ಸದ್ದು ಬಾಗಿಲು ಹಾಕಿದರೂ ಕೇಳುತ್ತದೆ, ಸುಟ್ಟ ರಬ್ಬರಿನ ವಾಸನೆ ಅಡುಗೆ ಮನೆವರೆಗೆ ಬರುತ್ತದೆ ಎಂದು ಪಕ್ಕದ ಖೋಲಿಯ ಕಸ್ತೂರಿಬಾಯಿ ಸೊಸೈಟಿಯವರ ಬೆನ್ನು ಹತ್ತಿದ್ದಾರೆ. ಅವರಿಗೆ ಹೆದರಿಕೆ ಇರುವುದು ಸರಿಯೇ. ಆ ಬಿಲ್ಡಿಂಗಿಗೆ ಇರುವುದು ಒಂದೇ ಮೆಟ್ಟಿಲು, ಅದೂ ಕಟ್ಟಿಗೆಯದು. ಮೇಲಿನ ಮೂರು ಮಹಡಿಯಲ್ಲಿ ಮುದುಕರೇ ಹೆಚ್ಚು. ಕೆಳಗಿನ ಪೆಟ್ಟಿಗೆಗೆ ಬೆಂಕಿ ಬಿದ್ದರೆ ಮೇಲಿನವರು ಕಿಟಕಿಯಿಂದ ಕೂಗುವುದು ಬಿಟ್ಟು ಬೇರೆ ದಾರಿಯಿಲ್ಲ. ಆದ್ದರಿಂದ ಬರುವ ವಾರ, ಇಪ್ಪತ್ಮೂರನೇ ತಾರೀಖು ಭಾನುವಾರ, ಹಳೆಯದನ್ನೆಲ್ಲ ಕಿತ್ತು ಹೊಸ ಪ್ಯಾನೆಲ್ ಕೂರಿಸಲು ಶುರು ಮಾಡುವುದೆಂದಾಗಿದೆ. ಧರ್ಮಣ್ಣ ಮಾಮಾ ಮುಂದೆ ನಿಂತು ಒಪ್ಪಿಕೊಂಡರು. ನಿಮ್ಮ ಜೊತೆ ಇಪ್ಪತ್ತು ವರ್ಷ ತಂತಿ ಎಳೆದವರು, ನಾನು ಬೇಡವೆಂದರೆ ಯಾಕೆಂದು ಕೇಳುತ್ತಾರೆ. ನಾನು ಬೇಡ ಎನ್ನಲಿಲ್ಲ.

ಪೆಟ್ಟಿಗೆಯ ಮುಚ್ಚಳದ ನಾಲ್ಕು ಸ್ಕ್ರೂ ನಿಮಗೆ ನೆನಪಿರಬೇಕು. ಇಸ್ತ್ರಿ ಅಂಗಡಿಯವನು ಮುಚ್ಚಳ ಬಿಚ್ಚಿ ಕಳ್ಳ ತಂತಿ ಹಾಕಿಕೊಂಡಿದ್ದು ಸಿಕ್ಕ ವರ್ಷ, ಯಾರೂ ತೆಗೆಯಬಾರದು ಎಂದು ಲೋಹಾರ ಚಾಳಿನ ಅಂಗಡಿಯಿಂದ ನೀವೇ ತಂದು ಹಾಕಿದವು. ನಕ್ಷತ್ರದ ಹಾಗೆ ಕೊರೆದ ತಲೆ, ನಡುವೆ ಒಂದು ಮೊಳೆ. ಮಾಮೂಲಿ ಸ್ಕ್ರೂಡ್ರೈವರ್ ಅದರೊಳಗೆ ಕೂರುವುದೇ ಇಲ್ಲ. ‘ಮೊಂಡ ಸ್ಕ್ರೂ’ ಎಂದು ನೀವು ಹೆಸರಿಟ್ಟಿದ್ದಿರಿ. ಬಿಗಿ ಮಾಡಿದ ಮೇಲೆ ಒಂದೊಂದರ ಮೇಲೂ ಆಯಿಲ್ ಪೇಂಟಿನ ಕೆಂಪು ಬೊಟ್ಟು ಇಟ್ಟಿರಿ, ಅರ್ಧ ಸ್ಕ್ರೂ ತಲೆಯ ಮೇಲೆ, ಅರ್ಧ ಮುಚ್ಚಳದ ಮೇಲೆ. ಯಾರಾದರೂ ತಿರುಗಿಸಿದರೆ ಬೊಟ್ಟು ಒಡೆಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ ಎಂದು. ಅವ್ವನ ಕುಂಕುಮದಷ್ಟು ಗುಂಡಗೆ ಇಟ್ಟಿದ್ದಿರಿ. ಧರ್ಮಣ್ಣ ಮಾಮಾ ಸ್ಕ್ರೂಡ್ರೈವರಿನ ತುದಿಗೆ ಹಾಕುವ ಹೊಸ ಬಿಟ್ಟುಗಳ ಡಬ್ಬಿಯನ್ನೇ ತಂದು ನೋಡಿದರಂತೆ, ಒಂದೂ ಕೂರಲಿಲ್ಲ. ಗ್ರೈಂಡರ್ ಹಿಡಿದು ತಲೆ ಹಾರಿಸೋಣ ಎನ್ನುತ್ತಾರೆ. ನನಗೆ ಅದಕ್ಕೆ ಧೈರ್ಯವಿಲ್ಲ. ಬೀದಿಯಿಂದ ಕರೆಂಟ್ ಕಡಿಯಲು ಕಂಪನಿಯವರು ಬರುವುದು ಆ ಭಾನುವಾರದ ಮರುದಿನ, ಸೋಮವಾರ. ಅಲ್ಲಿಯವರೆಗೆ ಮುಚ್ಚಳದ ಹಿಂದೆ ತಂತಿ ಜೀವಂತ ಇರುತ್ತದೆ. ಕಬ್ಬಿಣದ ಪುಡಿ ಒಳಗೆ ಉದುರಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ಅರದಿಂದ ತಿಕ್ಕಿ ಮಾಡಿದ ಬಿಟ್ಟು ನಿಮ್ಮ ಕೀಲಿ ಗೊಂಚಲಿನಲ್ಲೇ ಇದೆಯಲ್ಲ, ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಭಾನುವಾರದ ಕೆಲಸ ಹಂಚಿದ್ದು ಹೀಗೆ. ಮೂರನೇ ಮಹಡಿಯ ಬೋರ್ಡು ಬಿಚ್ಚಲು ಧರ್ಮಣ್ಣ ಮಾಮಾ ಮೇಲೆ, ಫ್ಯೂಸ್ ಕೀಳಲು ನಾನು ಕೆಳಗೆ. ‘ನೀ ಕೆಳಗ ನಿಂತ ಒದರು, ನಾ ಮ್ಯಾಲ ಕೈ ಹಾಕ್ತೀನಿ. ಮುರಿಗೆಪ್ಪನ ಮಗಾ ಕೆಳಗ ಇದ್ದಾನಂದ್ರ ನನಗೇನ ಅಂಜಿಕಿ’ ಎಂದು ನಕ್ಕರು. ಅವರಿಗಿಲ್ಲದ ಅಂಜಿಕೆಯೆಲ್ಲ ನನಗೇ ಬಂದಿದೆ ಅಪ್ಪಾ. ಬೇರೆ ಕಡೆ ಕೆಲಸ ಮಾಡುವಾಗಲೂ ನಾನು ‘ಬಂದ್’ ಎಂಬ ಆ ಶಬ್ದ ಬಾಯಿಗೆ ತರುವುದಿಲ್ಲ. ಮೂರು ಮಹಡಿ ಹತ್ತಿ ಹೋಗಿ, ಫ್ಯೂಸನ್ನು ಕೈಯಲ್ಲಿ ಹಿಡಿದು ತೋರಿಸಿ ಬರುತ್ತೇನೆ. ಜನ ನನ್ನನ್ನು ಹುಚ್ಚ ಎನ್ನುತ್ತಾರೆ. ಮನೆಯಲ್ಲಿ ಇಸ್ತ್ರಿಯ ಪ್ಲಗ್ಗು ಕಿತ್ತಿದ್ದೇನೆಯೇ ಎಂದು ಎದ್ದೆದ್ದು ನೋಡುತ್ತೇನೆ. ಮೋತಿ ಭುವನದ ಗಲ್ಲಿಗೆ ಈ ಮೂರು ವರ್ಷದಲ್ಲಿ ಕಾಲಿಟ್ಟಿಲ್ಲ, ಸ್ಟೇಷನ್ನಿಗೆ ಹೋಗುವಾಗಲೂ ಸುತ್ತು ಹಾಕಿ ಹೋಗುತ್ತೇನೆ.

ಆ ಮೇ ತಿಂಗಳ ಮಧ್ಯಾಹ್ನ ಇಡೀ ಗಲ್ಲಿಗೇ ಕರೆಂಟ್ ಹೋಗಿತ್ತು. ‘ಕರೆಂಟ್ ಹೋಗೇತಿ ಅಂತ ನಂಬಬ್ಯಾಡ. ಮುಚ್ಚಳ ಬಿಚ್ಚಿ, ಫ್ಯೂಸ್ ಕಿತ್ತು ಕಿಸೆದಾಗ ಇಟ್ಕೊಂಡ ಮ್ಯಾಲ ಬಂದ್ ಅಂತ ಒದರು’ ಎಂದು ನನ್ನ ಕೈಗೆ ಆ ಬಿಟ್ಟನ್ನು ಕೊಟ್ಟು ನೀವು ಮೇಲೆ ಹೋದಿರಿ. ಟೆಸ್ಟರ್ ಹಚ್ಚಿ ನೋಡಿದಿರಿ, ಗಲ್ಲಿಗೇ ಇಲ್ಲದ ಕರೆಂಟು ಅದರಲ್ಲಿ ಎಲ್ಲಿಂದ ಬರಬೇಕು. ನಾಲ್ಕೂ ಸ್ಕ್ರೂ ಬಿಚ್ಚಿ ನಾನು ಫ್ಯೂಸಿಗೆ ಕೈ ಹಾಕುವಷ್ಟರಲ್ಲಿ ಕರೆಂಟ್ ತಿರುಗಿ ಬಂತು, ‘ಬಂತ, ಬಂತ’ ಎಂದು ಒದರಿದೆ, ನಿಮಗೆ ಅದು ‘ಬಂದ್, ಬಂದ್’ ಎಂದು ಕೇಳಿಸಿ ತಂತಿಗೆ ಕೈ ಹಾಕಿದಿರಿ. ಆಸ್ಪತ್ರೆಯಲ್ಲಿ ಹೀಗೆಂದು ನಾನು ಎಲ್ಲರಿಗೂ ಹೇಳಿದೆ. ನೀವು ಮಲಗಿದಲ್ಲಿಂದಲೇ ನನ್ನ ಮುಖ ನೋಡಿ, ‘ಹೌದು, ನನ್ನ ಕಿವೀನ ಸರಿ ಇಲ್ಲ’ ಎಂದಿರಿ. ಆ ಮಾತಿನ ಮೇಲೆ ಕೆಲಸ ಬಿಟ್ಟಿರಿ, ಮುಂಬಯಿ ಬಿಟ್ಟಿರಿ. ಮೂವತ್ತೈದು ವರ್ಷ ಈ ಊರಿಗೆ ದೀಪ ಹಚ್ಚಿದವರು ಈಗ ನೇತ್ರಕ್ಕನ ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಮುಟ್ಟುವುದಿಲ್ಲವಂತೆ, ‘ಕಿವುಡನ ಕೈಗೆ ಕೊಡಬ್ಯಾಡ್ರಿ’ ಎನ್ನುತ್ತೀರಂತೆ. ಅಕ್ಕ ಅದನ್ನು ತಮಾಷೆಯೆಂದು ಹೇಳಿದಳು. ನನಗೆ ನಗು ಬರಲಿಲ್ಲ.

ಇಷ್ಟು ಬರೆದು ಸಾಕು ಮಾಡುತ್ತೇನೆ. ಊಟದ ಹೊತ್ತಿಗೆ ಆ ಪೆಟ್ಟಿಗೆಯನ್ನು ಒಂದು ಸಲ ನೋಡಿ ಬಾ ಎಂದು ಧರ್ಮಣ್ಣ ಮಾಮಾ ಹೇಳಿದ್ದಾರೆ. ಇವತ್ತು ಹೋಗಲೇಬೇಕು. ಬರುವಾಗ ಕಾಗದ ಪೋಸ್ಟಿಗೆ ಹಾಕುತ್ತೇನೆ. ಅವ್ವನಿಗೆ ನಮಸ್ಕಾರ ಹೇಳಿ, ಅಕ್ಕನ ಮಕ್ಕಳಿಗೆ ಮುತ್ತು. ಸ್ನೇಹಲ್ ನಿಮ್ಮಿಬ್ಬರ ಕಾಲಿಗೆ ಬಿದ್ದಿದ್ದಾಳೆ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ. ನಿಮ್ಮ ಆಶೀರ್ವಾದ ಆ ಭಾನುವಾರ ನನ್ನ ತಲೆಯ ಮೇಲೂ ಇರಲಿ, ಧರ್ಮಣ್ಣ ಮಾಮಾನ ಕೈಯ ಮೇಲೂ ಇರಲಿ.

ನಿಮ್ಮ ಮಗ,
ಸಂತು

ತಾ.ಕ.: ಅಪ್ಪಾ, ಪೋಸ್ಟಾಫೀಸಿನ ಮೇಜಿನ ಮೇಲೆ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡಿ. ಮೋತಿ ಭುವನಕ್ಕೆ ಹೋಗಿದ್ದೆ. ಮೇಲೆ ಬರೆದ ಕತೆ ಸುಳ್ಳು. ಅವತ್ತು ನಾನು ಮುಚ್ಚಳ ಬಿಚ್ಚಲೇ ಇಲ್ಲ. ಮೊದಲನೇ ಸ್ಕ್ರೂವಿನಲ್ಲೇ ಆ ಬಿಟ್ಟು ಎರಡು ಸಲ ಜಾರಿತು, ಸೆಖೆಗೆ ಸಿಟ್ಟು ಬಂತು, ಗಲ್ಲಿಗೇ ಕರೆಂಟ್ ಇಲ್ಲವಲ್ಲ ಎಂದುಕೊಂಡು ಸುಮ್ಮನೆ ‘ಬಂದ್’ ಎಂದು ಒದರಿದೆ. ಒದರಿ ಒಂದು ನಿಮಿಷವೂ ಆಗಿರಲಿಲ್ಲ, ಮೆಟ್ಟಿಲ ದೀಪ ಹತ್ತಿತು. ಮೂರು ವರ್ಷ ನಾನು ಆ ಗಲ್ಲಿಗೆ ಹೋಗದಿದ್ದದ್ದು ನಿಮ್ಮ ಕೆಂಪು ಬೊಟ್ಟುಗಳಿಗೆ ಹೆದರಿ. ಅವು ಒಡೆಯದೆ ಹಾಗೇ ಇರುತ್ತವೆ, ನೋಡಿದವರಿಗೆಲ್ಲ ನನ್ನ ಸುಳ್ಳು ಗೊತ್ತಾಗುತ್ತದೆ ಎಂದು. ಇವತ್ತು ಬ್ಯಾಟರಿ ಬೆಳಕು ಹಾಕಿ ನೋಡಿದೆ. ನಾಲ್ಕೂ ಬೊಟ್ಟು ಒಡೆದಿದ್ದವು. ಆದರೆ ಒಂದು ಸ್ಕ್ರೂವೂ ಕೂದಲೆಳೆಯಷ್ಟು ತಿರುಗಿಲ್ಲ, ತುಕ್ಕು ಹಿಡಿದು ಕೂತಿವೆ. ಬಣ್ಣವನ್ನಷ್ಟೇ ಯಾರೋ ಕೆರೆದಿದ್ದಾರೆ, ಅಡ್ಡಾದಿಡ್ಡಿ, ಎಡಗೈಯಲ್ಲಿ ಕೆರೆದ ಹಾಗೆ. ಕಸ್ತೂರಿಬಾಯಿ ಹೊರಗೆ ಬಂದು, ‘ನಿಮ್ಮಪ್ಪ ದವಾಖಾನಿಯಿಂದ ಬಿಟ್ಟ ಮರುದಿನಾನ ಬಂದಿದ್ದರಪಾ, ಬಲಗೈಗೆ ಪಟ್ಟಿ ಕಟ್ಟಿತ್ತು, ಬ್ಯಾಟರಿ ಇಸ್ಕೊಂಡು ಅರ್ಧ ತಾಸು ಇಲ್ಲೇ ಕುಂತಿದ್ದರು’ ಎಂದರು. ಅದರ ಮುಂದಿನ ವಾರವೇ ಅಲ್ಲವೇ ನೀವು ಕಿವಿಗೆ ಮಷೀನು ಹಾಕಿಸಿಕೊಂಡದ್ದು? ಧರ್ಮಣ್ಣ ಮಾಮಾಗೆ ಇವತ್ತು ಸಂಜೆಯೇ ಎಲ್ಲ ಹೇಳುತ್ತೇನೆ, ಆಮೇಲೂ ಅವರು ನನ್ನನ್ನು ನಂಬಿ ಕೈ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಈ ಕಾಗದ ಸೋಮವಾರ ನಿಮಗೆ ಮುಟ್ಟುತ್ತದೆ. ಅವತ್ತು ಸಂಜೆ ಆರಕ್ಕೆ ಫೋನು ಮಾಡುತ್ತೇನೆ. ಆ ಮಷೀನು ತೆಗೆದಿಟ್ಟು ನೀವೇ ಎತ್ತಿ. ನಾನು ‘ಬಂದ್’ ಅಂದಿದ್ದೆ ಅಪ್ಪಾ, ನಿಮಗೆ ಸರಿಯಾಗಿಯೇ ಕೇಳಿಸಿತ್ತು.