ನಾನು ಮಾಡದ ಸಾಬೂನು

ಹಳಿಯಾಳ
ತಾ. ೯ ಮಾರ್ಚ್ ೧೯೬೩

ಪ್ರೀತಿಯ ಅಮ್ಮೀ,

ನಸೀರಾಳ ಸಲಾಂ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಕ್ಷೇಮ ಸಮಾಚಾರ ಆಮೇಲೆ. ನಿನಗೆ ಕನ್ನಡ ಓದಲು ಬಾರದು, ಕರೀಮ ಮಾಮಾ ಗಟ್ಟಿಯಾಗಿ ಓದಿ ಹೇಳುತ್ತಾರೆ. ಹೇಳಲಿ. ಅವರ ಮನೆಯವರೆಲ್ಲ ಕೇಳಲಿ.

ನೀನು ಮುಂಡಗೋಡಕ್ಕೆ ಹೋದ ಮರುದಿನ ಸಾಬೂನು ಹೊರಳಿಸಿಡಲು ಅಟ್ಟ ಹತ್ತಿದೆ. ನಾನು ಮಾಡಿದ ಜೈತೂನ ಎಣ್ಣೆಯ, ಅಂದರೆ ಆಲಿವ್ ಎಣ್ಣೆಯ, ಸಾಬೂನು ಇದ್ದಲ್ಲೇ ಇತ್ತು. ಹೆಬ್ಬೆರಳು ಒತ್ತಿದರೆ ಇನ್ನೂ ತಗ್ಗು ಬೀಳುತ್ತದೆ. ನೀನು ಸಂತೆಗೆಂದು ಮಾಡಿದ ಹೊಂಗೆ ಎಣ್ಣೆಯ ಸಾಬೂನು ಮಾತ್ರ ಹಲಗೆಯ ಮೇಲಿರಲಿಲ್ಲ. ನಾನಿಯ ಕಾಲದ ಮುದ್ರೆ ತೆಗೆದು ನೋಡಿದೆ. ಜೈತೂನ ಸಾಬೂನಿಗಷ್ಟೇ ಒತ್ತುವ ಆ ಮುದ್ರೆಯ ಗೆರೆಗಳಲ್ಲಿ ಹೊಂಗೆಯ ಹಳದಿ ಚೂರು ಸಿಕ್ಕಿಕೊಂಡಿತ್ತು.

ಹೊಂಗೆಯದಕ್ಕೆ ಆ ಮುದ್ರೆ ಒತ್ತಿ ನೀನೇ ಒಯ್ದೆ ಎಂದು ಆಗಲೂ ನಾನು ನಂಬಲಿಲ್ಲ. ನಂಬಿಸಿದವಳು ನೀನು ಹೋದ ಬಸ್ಸಿನಲ್ಲೇ ಇದ್ದ ಪಕ್ಕದ ಮನೆಯ ಶಿವಗಂಗವ್ವ. "ನಿಮ್ಮವ್ವ ಗಂಟು ಬಿಚ್ಚಿ ಎಲ್ಲಾರಿಗೂ ತೋರಿಸಿದ್ಳವಾ. ನಸೀರಾ ಶಾಲಿ ಬಿಟ್ಟರ ಏನಾತು, ಜೈತೂನ ಎಣ್ಣಿಲೆ ತನ್ನ ಕೈಯಾರ ಮಾಡ್ಯಾಳ, ಬೀಗರ ಮನಿಗೆ ಒಯ್ಯಾಕತ್ತೇನಿ ಅಂದ್ಳು" ಎಂದಳು. ಮೂಸಿ ನೋಡಿದಿರೇನು ಎಂದು ಕೇಳಿದೆ. "ಮೂಸಾಕ ಬಿಟ್ಟಿದ್ರ ಅಲ್ಲೇನ" ಎಂದು ನಕ್ಕಳು.

ಮದುವೆಯಾಗುವ ಹುಡುಗಿ ತಾನೇ ತಿರುವಿ, ತಾನೇ ಕತ್ತರಿಸಿದ ಸಾಬೂನು ಗಂಡಿನ ಮನೆಗೆ ಹೋಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಹುಡುಗಿಯ ತಾಳ್ಮೆ ಅದರಲ್ಲಿ ಕಾಣುತ್ತದೆ ಎಂದು ನೀನೇ ಹೇಳಿದ್ದೆ. ಒಂದು ಕಡೆ ಕೂರಲಾರದ ನಾನು ಕೂತು ತಿರುವಿದೆ. ರಟ್ಟೆ ಸೋತವು. ಕಾಸ್ಟಿಕ್ ನೀರು ಸಿಡಿದು ಮೊಣಕೈ ಸುಟ್ಟಿತು. ಗೋವೆ ನಮ್ಮ ದೇಶಕ್ಕೆ ಸೇರಿದ ಮೇಲೆ ಜೋಯಿಡಾದ ಸಕ್ಕುಬಾಯಿ ಗಡಿಯಾಚೆಯಿಂದ ತರುತ್ತಿದ್ದ ಪೋರ್ಚುಗೀಸರ ಜೈತೂನ ಎಣ್ಣೆಯ ಡಬ್ಬಿಗಳು ನಿಂತುಹೋದವಲ್ಲ, ಉಳಿದ ಕೊನೆಯ ಡಬ್ಬಿಯನ್ನೇ ಇದಕ್ಕೆ ಸುರಿದಿದ್ದೆ. ಜೈತೂನ ನಿಧಾನಕ್ಕೆ ಗಟ್ಟಿಯಾಗುತ್ತದೆ ಎಂದು ಕಲಿಸಿದವಳು ನೀನು. ಮಳೆಗಾಲದವರೆಗೆ ಕಾಯೋಣ ಎಂದರೆ, "ಅಲ್ಲೀತನಕ ಹುಡುಗ ಕಾಯ್ತಾನೇನ?" ಎಂದು ಗದರಿದವಳೂ ನೀನೇ.

ಹೊಂಗೆಯದನ್ನು ಹೊಂಗೆಯದೆಂದೇ ಹೇಳಿ ಕೊಟ್ಟಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ನೀನು ಸುಳ್ಳನ್ನು ನನ್ನ ಹೆಸರಿನಲ್ಲಿ ಕೊಟ್ಟೆ. ನಾಳೆ ಆ ಮನೆಯಲ್ಲಿ ಯಾರಾದರೂ ಅದರ ಕಮಟು ವಾಸನೆ ಹಿಡಿದು ಕೇಳಿದರೆ ತಲೆ ತಗ್ಗಿಸಿ ನಿಲ್ಲುವವಳು ನಾನು, ನೀನಲ್ಲ. ಮಾಡದ ತಪ್ಪನ್ನು ಒಪ್ಪಿಕೋ ಎಂದು ಮಾಸ್ತರು ಹಟ ಹಿಡಿದದ್ದಕ್ಕೆ ಶಾಲೆ ಬಿಟ್ಟವಳು ನಾನು. ಆಗ ನೀನೇ ಬಂದು ಅವರ ಜೊತೆ ಜಗಳವಾಡಿದ್ದೆ. ಈಗ ನಿನ್ನ ಜೊತೆ ಜಗಳವಾಡಲು ಯಾರನ್ನು ಕರೆಯಲಿ?

ಇವತ್ತೇ ಬೀಗರ ಮನೆಗೆ ಹೋಗಿ ನಿಜ ಹೇಳು. ಬೇಡ ಎನ್ನುವುದಿದ್ದರೆ ನನ್ನನ್ನು ಬೇಡ ಎನ್ನಲಿ. ನೀನು ಗಂಟಿನಲ್ಲಿ ಕಟ್ಟಿ ಒಯ್ದ ಯಾವಳೋ ಹುಡುಗಿಯನ್ನು ಅವರು ಒಪ್ಪಿಕೊಳ್ಳುವುದು ನನಗೆ ಬೇಕಿಲ್ಲ.

ಇನ್ನೂ ಸಿಟ್ಟಿನಲ್ಲಿರುವ ನಿನ್ನ ಮಗಳು,
ನಸೀರಾ

ತಾ.ಕ.: ಹುಡುಗ ಮನಸ್ಸಿಗೆ ಬಾರದ್ದಕ್ಕೆ ಈ ನೆವ ಹೂಡಿದ್ದಾಳೆ ಎಂದು ಮಾಮಾ ಹೇಳಬಹುದು. ಅಲ್ಲ. ಅಮೀರಸಾಬರನ್ನು ನಾನು ಸಂತೆಯ ದಿನ ನೋಡಿದ್ದೇನೆ. ಕೆಟ್ಟು ನಿಂತ ಲಾರಿಯ ಕೆಳಗಿನಿಂದ ಎದ್ದು ಬಂದು, "ಇದು ಇವತ್ತ ಆಗಂಗಿಲ್ಲರೀ, ಸುಮ್ನ ಹೂಂ ಅನ್ನಾಕ ಬರಂಗಿಲ್ಲ" ಎಂದು ಮಾಲಕನಿಗೆ ಹೇಳಿದರು. ಅವತ್ತೇ ನಾನು ಮನಸ್ಸಿನಲ್ಲಿ ಒಪ್ಪಿದ್ದೆ. ನೀನು ಹೋಗಿ ನಿಜ ಹೇಳುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಎಲ್ಲವನ್ನೂ ಅಮೀರಸಾಬರಿಗೇ ಬರೆದು ನಿನ್ನೆಯೇ ಟಪಾಲಿಗೆ ಹಾಕಿ ಬಂದೆ. ಆಗಿನಿಂದ ನನಗೆ ಊಟ ಸೇರುತ್ತಿಲ್ಲ.